ಬಿಡಿಎಸ್ ಮುಗಿಸಿದವರಿಗೆ ಅಮೆರಿಕದ ರೆಸಿಡೆನ್ಸಿ: ಏನು ಕಲಿಸುತ್ತದೆ, ಏನನ್ನು ಕೊಡುವುದಿಲ್ಲ

ಅಮೆರಿಕದಲ್ಲಿ ದಂತವೈದ್ಯರಾಗಿ ದುಡಿಯಬೇಕೆನ್ನುವ ಬಿಡಿಎಸ್ ಪದವೀಧರರಿಗೆ ಅಲ್ಲಿನ ವಿಶ್ವವಿದ್ಯಾಲಯಗಳೂ ಆಸ್ಪತ್ರೆಗಳೂ ಮೂರು ಬಗೆಯ ತರಬೇತಿ ಕೊಡುತ್ತವೆ. ಜಾಹೀರಾತಿನಲ್ಲಿ ಮೂರಕ್ಕೂ ‘ಅಡ್ವಾನ್ಸ್ಡ್’ ಎಂಬ ವಿಶೇಷಣ ಅಂಟಿಕೊಂಡಿರುತ್ತದೆ. ಮುಗಿಸಿ ಹೊರಬಂದಾಗ ಒಬ್ಬರ ಕೈಯಲ್ಲಿ ಪದವಿ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ರೆಸಿಡೆನ್ಸಿಯ (ಪದವಿಯ ನಂತರ ರೋಗಿಗಳನ್ನು ನೋಡುತ್ತ ಪಡೆಯುವ ತರಬೇತಿಯ) ಪ್ರಮಾಣಪತ್ರ, ಮತ್ತೊಬ್ಬರ ಕೈಯಲ್ಲಿ ಲೈಸೆನ್ಸ್ ಮಂಡಳಿ ಲೆಕ್ಕಕ್ಕೇ ತೆಗೆದುಕೊಳ್ಳದ ಕಾಗದ. ಈ ವ್ಯತ್ಯಾಸ ಗೊತ್ತಾಗುವ ಹೊತ್ತಿಗೆ ಹಲವರ ಎರಡು ವರ್ಷ, ಹತ್ತಾರು ಲಕ್ಷ ರೂಪಾಯಿ ಕರಗಿರುತ್ತದೆ.

ಕರ್ನಾಟಕದ ಮಟ್ಟಿಗೆ ಇದು ದೂರದ ಸುದ್ದಿಯಲ್ಲ. ದೇಶದ 300ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಲ್ಲಿ ದೊಡ್ಡ ಪಾಲು ನಮ್ಮ ರಾಜ್ಯದ್ದು. ಇಲ್ಲಿ ಓದಿ, ಮದುವೆಯಾಗಿ, ಸಂಗಾತಿಯ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಾಸ್‌ಗೋ ಹೋಗಿ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಮನೆಯಲ್ಲಿ ಕುಳಿತಿರುವ ದಂತವೈದ್ಯೆಯರು ಅಲ್ಲಿನ ಪ್ರತಿ ಕನ್ನಡ ಕೂಟದಲ್ಲೂ ಸಿಗುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ: ‘ಒಂದು ವರ್ಷದ ಎಇಜಿಡಿ ರೆಸಿಡೆನ್ಸಿ ಮಾಡಿದರೆ ಲೈಸೆನ್ಸ್ ಸಿಗುತ್ತದೆಯಾ?’ ಬಹುತೇಕ ರಾಜ್ಯಗಳಲ್ಲಿ ಸಿಗುವುದಿಲ್ಲ. ಹಾಗಾದರೆ ಅದನ್ನು ಮಾಡುವುದೇ ವ್ಯರ್ಥವೇ ಎಂದರೆ, ಅದೂ ಅಲ್ಲ. ಲೈಸೆನ್ಸ್ ಬೇರೆ, ಕಲಿಕೆ ಬೇರೆ ಎಂದು ಬಿಡಿಸಿಟ್ಟುಕೊಂಡರೆ ಮಾತ್ರ ಲೆಕ್ಕ ಹೊಂದುತ್ತದೆ.

ಮೂರು ದಾರಿ

ಅಮೆರಿಕದ ದಂತವೈದ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಕೋಡಾ, ಅಂದರೆ ಕಮಿಷನ್ ಆನ್ ಡೆಂಟಲ್ ಅಕ್ರೆಡಿಟೇಷನ್. ನಮ್ಮ ಬಿಡಿಎಸ್‌ಗೆ ಕೋಡಾ ಮಾನ್ಯತೆ ಇಲ್ಲ. ಇಡೀ ತೊಡಕು ಇಲ್ಲಿಂದಲೇ ಶುರು.

ಮೊದಲ ದಾರಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್. ವಿದೇಶಿ ಪದವೀಧರರನ್ನು ನಾಲ್ಕು ವರ್ಷದ ಡಿಡಿಎಸ್ ಅಥವಾ ಡಿಎಂಡಿ ಕೋರ್ಸಿನ ನಡುವಿಗೆ ಸೇರಿಸಿಕೊಂಡು ಎರಡರಿಂದ ಮೂರು ವರ್ಷದಲ್ಲಿ ಅಮೆರಿಕದ ಪದವಿಯನ್ನೇ ಕೊಡುತ್ತಾರೆ. ಅರ್ಜಿ ಹೋಗುವುದು ಬಹುಮಟ್ಟಿಗೆ ಕ್ಯಾಪಿಡ್ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಅದು ಪ್ರತಿವರ್ಷ ಮಾರ್ಚ್‌ನಲ್ಲಿ ತೆರೆಯುತ್ತದೆ. ಒಟ್ಟು ಶುಲ್ಕ ಎರಡು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಈ ಪದವಿ ಕೈಗೆ ಬಂದರೆ ಯಾವ ರಾಜ್ಯದಲ್ಲೂ ‘ನೀವು ಓದಿದ್ದೆಲ್ಲಿ’ ಎಂಬ ಪ್ರಶ್ನೆ ಏಳುವುದಿಲ್ಲ.

ಎರಡನೆಯದು ರೆಸಿಡೆನ್ಸಿ. ಇದರಲ್ಲಿ ಎರಡು ತಳಿ. ಎಇಜಿಡಿ ಎಂದರೆ ಅಡ್ವಾನ್ಸ್ಡ್ ಎಜುಕೇಷನ್ ಇನ್ ಜನರಲ್ ಡೆಂಟಿಸ್ಟ್ರಿ, ಜಿಪಿಆರ್ ಎಂದರೆ ಜನರಲ್ ಪ್ರಾಕ್ಟೀಸ್ ರೆಸಿಡೆನ್ಸಿ. ಎರಡೂ ಸಾಮಾನ್ಯವಾಗಿ 12 ತಿಂಗಳು, ಕೆಲವೆಡೆ ಇನ್ನೊಂದು ವರ್ಷ ಮುಂದುವರಿಸಬಹುದು. ಎಇಜಿಡಿ ನಡೆಯುವುದು ದಂತ ಶಾಲೆಯ ಅಥವಾ ಸಮುದಾಯ ಆರೋಗ್ಯ ಕೇಂದ್ರದ ಕ್ಲಿನಿಕ್ಕಿನಲ್ಲಿ. ಜಿಪಿಆರ್‌ಗೆ ಆಸ್ಪತ್ರೆಯೇ ಮನೆ: ಅರಿವಳಿಕೆ ವಿಭಾಗದಲ್ಲಿ ಕನಿಷ್ಠ 70 ಗಂಟೆ ಕಳೆಯಬೇಕು, ಒಳರೋಗಿಗಳ ಕನ್ಸಲ್ಟ್ ನೋಡಬೇಕು, ರಾತ್ರಿಪಾಳಿಯ ತುರ್ತು ಕರೆಗೆ ಓಡಬೇಕು. ಹೃದಯದ ಕವಾಟ ಬದಲಿಸುವ ಮುನ್ನ ಬಾಯಿಯಲ್ಲಿ ಸೋಂಕಿಲ್ಲವೆಂದು ಸಹಿ ಹಾಕುವುದು, ಕ್ಯಾನ್ಸರಿಗೆ ವಿಕಿರಣ ಕೊಡುವ ಮುನ್ನ ಕೆಟ್ಟ ಹಲ್ಲು ತೆಗೆಯುವುದು ಇಲ್ಲಿ ದಿನನಿತ್ಯದ ಕೆಲಸ. ಜಿಪಿಆರ್‌ಗೆ ಆಸ್ಪತ್ರೆ ಸಾಮಾನ್ಯವಾಗಿ ಸ್ಟೈಪೆಂಡ್ ಕೊಡುತ್ತದೆ. ಎಇಜಿಡಿಯಲ್ಲಿ ಕೆಲವರು ಸ್ಟೈಪೆಂಡ್ ಕೊಡುತ್ತಾರೆ, ಕೆಲವರು ಶುಲ್ಕವನ್ನೇ ವಸೂಲು ಮಾಡುತ್ತಾರೆ. ವಿದೇಶಿ ಪದವೀಧರರನ್ನು ತೆಗೆದುಕೊಳ್ಳಲು ಕೋಡಾ ನಿಯಮ ಅಡ್ಡಿ ಮಾಡುವುದಿಲ್ಲ, ಅಭ್ಯರ್ಥಿಯ ಓದು ಸಮಾನವೇ ಎಂದು ತೀರ್ಮಾನಿಸುವ ಹೊಣೆಯನ್ನು ಆಯಾ ಕಾರ್ಯಕ್ರಮಕ್ಕೇ ಬಿಟ್ಟಿದೆ. ಆದ್ದರಿಂದ ಒಂದು ಕಡೆ ಬಾಗಿಲು ತೆರೆದಿರುತ್ತದೆ, ಪಕ್ಕದ ಊರಿನಲ್ಲಿ ‘ಅಮೆರಿಕ, ಕೆನಡಾ ಪದವೀಧರರಿಗೆ ಮಾತ್ರ’ ಎಂಬ ಬೋರ್ಡು.

ಮೂರನೆಯದು ಫೆಲೋಶಿಪ್, ಪ್ರಿಸೆಪ್ಟರ್‌ಶಿಪ್, ಇಂಟರ್ನ್‌ಶಿಪ್ ಎಂಬೆಲ್ಲ ಹೆಸರುಗಳಲ್ಲಿ ಸಿಗುವ, ಕೋಡಾ ಮಾನ್ಯತೆಯ ಹೊರಗಿನ ಕೋರ್ಸುಗಳು. ದೊಡ್ಡ ವಿಶ್ವವಿದ್ಯಾಲಯದ ಹೆಸರಿರುತ್ತದೆ, ಉಪನ್ಯಾಸ, ಗೊಂಬೆಯ ಮೇಲಿನ ಅಭ್ಯಾಸ, ಪಕ್ಕದಲ್ಲಿ ನಿಂತು ನೋಡುವುದು ಇರುತ್ತದೆ. ರೋಗಿಯ ಮೇಲೆ ಕೈ ಹಾಕಲು ಅವಕಾಶವಿದ್ದರೂ ಕಡಿಮೆ. ಶಿಫಾರಸು ಪತ್ರ ಸಿಗುತ್ತದೆ, ಅಲ್ಲಿನ ಕ್ಲಿನಿಕ್ಕಿನ ರೀತಿ ಗೊತ್ತಾಗುತ್ತದೆ, ಮುಂದೆ ಕ್ಯಾಪಿಡ್ ಅರ್ಜಿಗೆ ತೂಕ ಬರುತ್ತದೆ. ಅಷ್ಟಕ್ಕೆ ಆ ದುಡ್ಡು ಸರಿಯೆನ್ನಿಸಿದರೆ ಸೇರಬಹುದು. ಲೈಸೆನ್ಸ್‌ಗಾಗಿ ಸೇರುವುದಾದರೆ ಬೇಡ.

ರಾಜ್ಯ ಮೊದಲು, ಕೋರ್ಸು ಆಮೇಲೆ

ಲೈಸೆನ್ಸ್ ಕೊಡುವುದು ಅಮೆರಿಕವಲ್ಲ, ಅದರ ಒಂದೊಂದು ರಾಜ್ಯ. ಪ್ರತಿ ರಾಜ್ಯದ ಮಂಡಳಿಯೂ ಮೂರು ವಿಷಯ ನೋಡುತ್ತದೆ: ಓದು, ಲಿಖಿತ ಪರೀಕ್ಷೆ, ಕ್ಲಿನಿಕಲ್ ಪರೀಕ್ಷೆ. ಲಿಖಿತ ಪರೀಕ್ಷೆ ಐಎನ್‌ಬಿಡಿಇ ಎಲ್ಲರಿಗೂ ಒಂದೇ. 2020ರ ಆಗಸ್ಟ್‌ನಲ್ಲಿ ಶುರುವಾದ ಇದು ಹಳೆಯ ಎರಡು ಭಾಗದ ಎನ್‌ಬಿಡಿಇ ಜಾಗಕ್ಕೆ ಬಂತು. ಎರಡು ದಿನ, ಒಟ್ಟು 500 ಪ್ರಶ್ನೆ, ಅದರಲ್ಲಿ ಮೊದಲ ದಿನವೇ 360. ಫಲಿತಾಂಶ ಪಾಸು ಅಥವಾ ಫೇಲು ಅಷ್ಟೇ, ಅಂಕದಿಂದ ಎದುರಾಳಿಯನ್ನು ಹಿಂದಿಕ್ಕುವ ಅವಕಾಶವಿಲ್ಲ. ಐದು ಪ್ರಯತ್ನ ಅಥವಾ ಐದು ವರ್ಷ, ಯಾವುದು ಮೊದಲೋ ಅಷ್ಟರೊಳಗೆ ಪಾಸಾಗಬೇಕು.

ಓದಿನ ವಿಷಯದಲ್ಲೇ ರಾಜ್ಯಗಳು ಬೇರೆಯಾಗುವುದು. ಹೆಚ್ಚಿನವು ಕೋಡಾ ಮಾನ್ಯತೆಯ ಡಿಡಿಎಸ್ ಅಥವಾ ಡಿಎಂಡಿ ಕೇಳುತ್ತವೆ. ಕೆಲವು ರಾಜ್ಯಗಳು ವಿದೇಶಿ ಪದವಿಯ ಜೊತೆಗೆ ಎರಡು ವರ್ಷದ ಮಾನ್ಯ ರೆಸಿಡೆನ್ಸಿ ಅಥವಾ ಸ್ಪೆಷಾಲಿಟಿ ತರಬೇತಿಯನ್ನು ಒಪ್ಪುತ್ತವೆ. ನ್ಯೂಯಾರ್ಕ್ ಇನ್ನೊಂದು ಬಗೆ: ಅಲ್ಲಿ 2007ರಿಂದ ಕ್ಲಿನಿಕಲ್ ಪರೀಕ್ಷೆಯ ಬದಲು ಒಂದು ವರ್ಷದ ರೆಸಿಡೆನ್ಸಿ ಎಲ್ಲರಿಗೂ ಕಡ್ಡಾಯ, ಅಮೆರಿಕದಲ್ಲೇ ಓದಿದವರಿಗೂ. ಡೆಲವೇರ್ ಕೂಡ ರೆಸಿಡೆನ್ಸಿ ಕೇಳುತ್ತದೆ. ‘ನ್ಯೂಯಾರ್ಕ್‌ನಲ್ಲಿ ರೆಸಿಡೆನ್ಸಿ ಮಾಡಿದರೆ ಲೈಸೆನ್ಸ್’ ಎಂಬ ಅರ್ಧಸತ್ಯ ಹುಟ್ಟಿದ್ದು ಇಂಥ ನಿಯಮದಿಂದಲೇ. ಅದು ಕ್ಲಿನಿಕಲ್ ಪರೀಕ್ಷೆಗೆ ಬದಲಿ. ಪದವಿಗೆ ಬದಲಿಯಲ್ಲ.

ಇನ್ನೊಂದು ಅಪಾಯ ತಡವಾಗಿ ಕಾಣುತ್ತದೆ. ಬಿಡಿಎಸ್ ಜೊತೆಗೆ ರೆಸಿಡೆನ್ಸಿಯನ್ನು ಒಪ್ಪುವ ರಾಜ್ಯದಲ್ಲಿ ಲೈಸೆನ್ಸ್ ಪಡೆದು ಕ್ಲಿನಿಕ್ ಹಿಡಿದಿರುತ್ತೀರಿ. ಮೂರು ವರ್ಷದ ಮೇಲೆ ಸಂಗಾತಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಗುತ್ತದೆ. ಆ ರಾಜ್ಯ ಡಿಡಿಎಸ್ ಇಲ್ಲದೆ ಅರ್ಜಿಯನ್ನೇ ತೆರೆಯುವುದಿಲ್ಲ. ಹಾಗಾಗಿ ನೋಡಬೇಕಾದ್ದು ಇಂದು ಇರುವ ಊರಿನ ನಿಯಮವೊಂದನ್ನೇ ಅಲ್ಲ, ಮುಂದೆ ಹೋಗಬಹುದಾದ ಎರಡು ಮೂರು ರಾಜ್ಯಗಳ ಮಂಡಳಿಯ ನಿಯಮವನ್ನೂ. ಅದೂ ಮಂಡಳಿಯ ಸ್ವಂತ ಜಾಲತಾಣದಲ್ಲಿ. ವಾಟ್ಸ್ಯಾಪ್ ಗುಂಪಿನ ಪಿಡಿಎಫ್‌ನಲ್ಲಿ ಅಲ್ಲ. ಆ ಪಿಡಿಎಫ್‌ಗಳಲ್ಲಿ ಅರ್ಧದಷ್ಟು ಹಳೆಯ ಎನ್‌ಬಿಡಿಇ ಕಾಲದವು.

ವೀಸಾ ಮತ್ತು ಹಣದ ಲೆಕ್ಕವೂ ಈಗ ಬಿಗಿಯಾಗಿದೆ. ಎಚ್-4ನಲ್ಲಿ ಓದಬಹುದು, ದುಡಿಯುವಂತಿಲ್ಲ. ಸ್ಟೈಪೆಂಡ್ ಬರುವ ರೆಸಿಡೆನ್ಸಿ ಉದ್ಯೋಗವೆಂದೇ ಲೆಕ್ಕ, ಅದಕ್ಕೆ ಇಎಡಿ ಎಂಬ ದುಡಿಮೆಯ ಪರವಾನಗಿ ಬೇಕು. ಆಸ್ಪತ್ರೆ ಎಚ್-1ಬಿ ಉದ್ಯೋಗ ವೀಸಾ ಕೊಡಿಸುತ್ತದೆಂದು ನೆಚ್ಚಿಕೊಂಡವರಿಗೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳ ಮೇಲೆ ಹೇರಿದ ಒಂದು ಲಕ್ಷ ಡಾಲರ್ ಶುಲ್ಕ ದೊಡ್ಡ ಹೊಡೆತ. ಒಂದು ವರ್ಷದ ರೆಸಿಡೆಂಟ್‌ಗಾಗಿ ಅಷ್ಟು ಕಟ್ಟುವ ಆಸ್ಪತ್ರೆ ಸಿಗುವುದು ಕಷ್ಟ. ಗ್ರೀನ್ ಕಾರ್ಡ್ ಇದ್ದವರು ಸರ್ಕಾರಿ ಸಾಲ ಪಡೆದು ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಓದುತ್ತಿದ್ದರು. 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲವಿಲ್ಲ. ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಿತಿ. ಉಳಿದದ್ದಕ್ಕೆ ಖಾಸಗಿ ಬ್ಯಾಂಕು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಈ ಸಾಲ ಮೊದಲಿಂದಲೂ ಇರಲಿಲ್ಲ.

ಕಾಗದಪತ್ರದಲ್ಲಿ ನಮ್ಮವರು ಎಡವುವ ಜಾಗ ಒಂದಿದೆ: ಹೆಸರು. ಅಂಕಪಟ್ಟಿಯಲ್ಲಿ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅವು ತಂದೆಯ ಹೆಸರು, ಊರಿನ ಹೆಸರಾಗಿ ಬಿಚ್ಚಿಕೊಂಡಿರುತ್ತವೆ, ಮದುವೆಯ ನಂತರ ಕೊನೆಯಲ್ಲಿ ಗಂಡನ ಹೆಸರು ಸೇರಿರುತ್ತದೆ. ಡೆಂಟ್‌ಪಿನ್ ಎಂಬ ಗುರುತಿನ ಸಂಖ್ಯೆ ಮಾಡಿಸುವಾಗ ಕೊಟ್ಟ ಹೆಸರು ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಪಾಸ್‌ಪೋರ್ಟ್‌ಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಶುಲ್ಕವೂ ಹೋಗುತ್ತದೆ. ಇಸಿಇ ಸಂಸ್ಥೆ ಅಂಕಪಟ್ಟಿಯನ್ನು ವಿಷಯವಾರು ತೂಗಿ ವರದಿ ಕೊಡುವಾಗಲೂ ಇದೇ ತಕರಾರು. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಅದರ ಪ್ರಕಾರ ಡೆಂಟ್‌ಪಿನ್, ಆಮೇಲೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದಲೋ ನೀವು ಓದಿದ ಡೀಮ್ಡ್ ವಿಶ್ವವಿದ್ಯಾಲಯದಿಂದಲೋ ಟ್ರಾನ್ಸ್‌ಕ್ರಿಪ್ಟ್. ಈ ಕ್ರಮ ತಪ್ಪಿದರೆ ಅಫಿಡವಿಟ್‌ಗಳ ಹಿಂದೆ ತಿಂಗಳುಗಟ್ಟಲೆ ಅಲೆದಾಟ, ಆ ವರ್ಷದ ಕ್ಯಾಪಿಡ್ ಕೈತಪ್ಪುತ್ತದೆ.

ಒಂದು ಬಾಯಿ, ಒಬ್ಬರೇ ಡಾಕ್ಟರು

ಇನ್ನು ಕಲಿಕೆಯ ಮಾತು. ನಮ್ಮ ಕಾಲೇಜುಗಳಲ್ಲಿ ಓದಿದವರ ಕೈ ಪಳಗಿರುತ್ತದೆ. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅಮೆರಿಕದ ಕೊನೆಯ ವರ್ಷದ ವಿದ್ಯಾರ್ಥಿ ಕಿತ್ತದ್ದಕ್ಕಿಂತ ಹೆಚ್ಚು ಹಲ್ಲು ಕಿತ್ತಿರುವವರು ಬಹಳ. ಕೊರತೆ ಬೇರೆ ಕಡೆ. ನಮ್ಮಲ್ಲಿ ರೋಗಿ ವಿಭಾಗಗಳ ನಡುವೆ ಹಂಚಿಹೋಗುತ್ತಾರೆ: ಓರಲ್ ಮೆಡಿಸಿನ್‌ನಲ್ಲಿ ಚೀಟಿ, ಒಸಡಿನ ವಿಭಾಗವಾದ ಪೆರಿಯೊದಲ್ಲಿ ಸ್ಕೇಲಿಂಗ್, ಕನ್ಸರ್ವೇಟಿವ್‌ನಲ್ಲಿ ಫಿಲ್ಲಿಂಗ್, ಪ್ರೊಸ್ತೊದಲ್ಲಿ ಕೃತಕ ಹಲ್ಲಿನ ಸೆಟ್ಟು. ಪ್ರತಿ ವಿಭಾಗದಲ್ಲೂ ವಿದ್ಯಾರ್ಥಿಗೆ ಪೂರೈಸಬೇಕಾದ ಕೋಟಾ. ಹಲ್ಲುಗಳನ್ನು ಎಲ್ಲರೂ ನೋಡಿರುತ್ತಾರೆ, ಬಾಯಿಯನ್ನು ಇಡಿಯಾಗಿ ಯಾರೂ ನೋಡಿರುವುದಿಲ್ಲ. ಅಮೆರಿಕದ ರೆಸಿಡೆನ್ಸಿಯಲ್ಲಿ ಒಬ್ಬ ವಯಸ್ಕ ರೋಗಿಯ ಪೂರ್ತಿ ಬಾಯಿ ಒಬ್ಬ ರೆಸಿಡೆಂಟ್ ಹೆಸರಿಗೆ ಬೀಳುತ್ತದೆ. ಯಾವುದನ್ನು ಯಾವಾಗ, ಯಾವುದರ ನಂತರ ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂದು ಬರೆದುಕೊಟ್ಟು, ಸಹಿ ಪಡೆದು, ಆಮೇಲೆ ಡ್ರಿಲ್ ಹಿಡಿಯಬೇಕು.

ಮಾದರಿಗೆ ಒಂದು ಪ್ರಕರಣ ಇಟ್ಟುಕೊಳ್ಳೋಣ. 67 ವರ್ಷದ ಮಹಿಳೆ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಮೂಳೆ ಸವೆತಕ್ಕೆ ಆರು ವರ್ಷದಿಂದ ವಾರಕ್ಕೊಂದು ಅಲೆಂಡ್ರೊನೇಟ್. ಕೆಳಗಿನ ಎಡಭಾಗದಲ್ಲಿ ಎರಡೂ ದವಡೆ ಹಲ್ಲು ಇಲ್ಲ. ಬಲಭಾಗದಲ್ಲಿ ಒಂದು ದವಡೆ ಹಲ್ಲು ಹೋಗಿದೆ, ಇನ್ನೊಂದು ಬೇರಿನವರೆಗೆ ಮುರಿದಿದೆ. ಅದರ ಮುಂದಿನ ಪ್ರೀಮೋಲಾರ್‌ನಲ್ಲಿ (ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಹಲ್ಲು) ದೊಡ್ಡ ಹಳೆಯ ಫಿಲ್ಲಿಂಗ್. ಒಸಡು ಇಳಿದ ಕಡೆಗಳಲ್ಲಿ ಬೇರಿನ ಹುಳುಕು. ‘ಜಗಿಯಲು ಆಗುತ್ತಿಲ್ಲ’ ಎಂಬುದು ದೂರು.

ಮೊದಲ ಭೇಟಿಯಲ್ಲಿ ಚಿಕಿತ್ಸೆಯೇ ಇಲ್ಲ. ಸಮಗ್ರ ಪರೀಕ್ಷೆ, ಬಿಲ್ಲಿಂಗ್ ಕೋಡ್ ಡಿ0150. ಪೂರ್ತಿ ಬಾಯಿಯ ಎಕ್ಸ್‌ರೇ, 18ರಿಂದ 20 ಚಿತ್ರ, ಕೋಡ್ ಡಿ0210. ಪ್ರತಿ ಹಲ್ಲಿಗೆ ಆರು ಕಡೆ ಒಸಡಿನ ಆಳ ಅಳೆದು ದಾಖಲಿಸುವುದು. 28 ಹಲ್ಲಿದ್ದರೆ 168 ಅಂಕಿ. ನೋವಿರುವ ಹಲ್ಲಿಗೆ ಆರ್‌ವಿಜಿ ಎಂಬ ಒಂದು ಡಿಜಿಟಲ್ ಎಕ್ಸ್‌ರೇ ತೆಗೆದು ಕೆಲಸ ಶುರುಮಾಡಿ ಅಭ್ಯಾಸವಾದವರಿಗೆ ಈ ಒಂದೂವರೆ ಗಂಟೆ ದಂಡವೆನ್ನಿಸುತ್ತದೆ. ಆದರೆ ಈ ಅಂಕಿಗಳಿಲ್ಲದೆ ಮುಂದೆ ಒಸಡಿನಡಿಯ ಡೀಪ್ ಕ್ಲೀನಿಂಗ್‌ಗೆ, ಕೋಡ್ ಡಿ4341, ವಿಮೆಯವರು ಹಣ ಕೊಡುವುದಿಲ್ಲ. ಆಳದ ಜೊತೆಗೆ ಎಕ್ಸ್‌ರೇಯಲ್ಲಿ ಮೂಳೆ ಕರಗಿದ್ದೂ ಕಾಣಬೇಕು. ರಕ್ತದೊತ್ತಡ 180/110 ಮುಟ್ಟಿದ್ದರೆ ತುರ್ತಲ್ಲದ ಕೆಲಸ ಮುಂದಕ್ಕೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇತ್ತೀಚಿನದನ್ನು ಆಕೆಯ ಡಾಕ್ಟರಿಂದ ತರಿಸಬೇಕು. 8 ದಾಟಿದ್ದರೆ ಇಂಪ್ಲಾಂಟ್‌ನಂಥ ಆಯ್ಕೆಯ ಶಸ್ತ್ರಕ್ರಿಯೆಯನ್ನು ಕಾಯಿಸುವುದು ರೂಢಿ. ಒಸಡು ಊದಿದ್ದರೆ ಬರೀ ಕೊಳೆಯ ದೋಷವೆನ್ನಬಾರದು, ಆಮ್ಲೋಡಿಪಿನ್ ಕೂಡ ಒಸಡನ್ನು ಬೆಳೆಸುತ್ತದೆ.

ಮುರಿದ ಬೇರನ್ನು ತೆಗೆಯಲೇಬೇಕು. ಆರು ವರ್ಷದ ಅಲೆಂಡ್ರೊನೇಟ್ ಇರುವುದರಿಂದ ದವಡೆಯ ಮೂಳೆ ಸಾಯುವ ಅಪಾಯ ಸಣ್ಣದಾದರೂ ಇದೆ. ಅಮೆರಿಕದ ಓರಲ್ ಸರ್ಜನ್‌ಗಳ ಸಂಘದ 2022ರ ನಿಲುವಿನ ಪ್ರಕಾರ ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಈ ಅಪಾಯ ಶೇ 0.05ರ ಒಳಗೆ, ಕ್ಯಾನ್ಸರಿಗಾಗಿ ರಕ್ತನಾಳದ ಮೂಲಕ ಪಡೆಯುವವರಲ್ಲಿ ಹಲವು ಪಟ್ಟು ಹೆಚ್ಚು. ಮಾತ್ರೆ ನಿಲ್ಲಿಸಿ ಕೀಳಬೇಕೆ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಹಾಗಾಗಿ ರೆಸಿಡೆಂಟ್ ಮಾಡುವುದಿಷ್ಟು: ಅಪಾಯವನ್ನು ಬರೆದು ಒಪ್ಪಿಗೆ ಪಡೆಯುವುದು, ಬೇರುಗಳನ್ನು ಬೇರ್ಪಡಿಸಿ ಮೂಳೆಗೆ ಪೆಟ್ಟಾಗದಂತೆ ತೆಗೆಯುವುದು, ಚೂಪು ಅಂಚು ಉಜ್ಜಿ ಹೊಲಿಗೆ ಹಾಕುವುದು, ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಕೊಡುವುದು, ಗುಳಿ ಮುಚ್ಚುವತನಕ ಕರೆಸಿ ನೋಡುವುದು. ಎಂಟು ವಾರ ದಾಟಿಯೂ ಮೂಳೆ ತೆರೆದೇ ಇದ್ದರೆ ರೋಗದ ಹೆಸರು ಎಂಆರ್‌ಒಎನ್‌ಜೆ, ಅಂದರೆ ಔಷಧದಿಂದ ದವಡೆಯ ಮೂಳೆ ಸಾಯುವುದು. ಆಕೆ ಮಾತ್ರೆಯ ಬದಲು ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಪಡೆಯುತ್ತಿದ್ದರೆ ಲೆಕ್ಕ ಬದಲಾಗುತ್ತದೆ: ಅದನ್ನು ಹಲ್ಲಿನ ಡಾಕ್ಟರು ‘ಸ್ವಲ್ಪ ದಿನ ನಿಲ್ಲಿಸಿ’ ಎಂದರೆ ಬೆನ್ನೆಲುಬು ಮುರಿಯುವ ಭಯವಿದೆ. ಕೊನೆಯ ಡೋಸ್ ಆಗಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಹಲ್ಲು ತೆಗೆಯುವುದು ಜಾಣತನ.

ನಂತರ ರೋಗ ತಡೆಯುವ ಹಂತ. ಭೇಟಿಗೆ ಅರ್ಧ ಬಾಯಿಯಂತೆ ಡೀಪ್ ಕ್ಲೀನಿಂಗ್. ಬೇರಿನ ಹುಳುಕಿಗೆ ಗ್ಲಾಸ್ ಅಯೊನೊಮರ್ ಫಿಲ್ಲಿಂಗ್, ಕೈ ಎಟುಕದ ಕಡೆ ಶೇ 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್. ಇದು ಹುಳುಕನ್ನು ನಿಲ್ಲಿಸುತ್ತದೆ, ಆ ಜಾಗವನ್ನು ಕಾಯಂ ಕಪ್ಪಾಗಿಸುತ್ತದೆ. ಹಚ್ಚುವ ಮುನ್ನವೇ ಫೋಟೊ ತೋರಿಸಿ ಒಪ್ಪಿಗೆ ಪಡೆಯದಿದ್ದರೆ ಜಗಳ ಖಚಿತ. ಮನೆಗೆ 5,000 ಪಿಪಿಎಂ ಫ್ಲೋರೈಡ್ ಪೇಸ್ಟ್. ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಆಳ ಅಳೆಯಬೇಕು. ಈ ಮರುಪರೀಕ್ಷೆಗೆ ಮೊದಲು ಕ್ಯಾಪ್, ಸೆಟ್ಟು ಯಾವುದಕ್ಕೂ ಕೈ ಹಾಕುವಂತಿಲ್ಲ.

ದುಬಾರಿ ತಪ್ಪು ನಡೆಯುವುದು ಇಲ್ಲಿಂದ ಮುಂದೆ. ದೊಡ್ಡ ಫಿಲ್ಲಿಂಗ್ ಇರುವ ಪ್ರೀಮೋಲಾರ್‌ಗೆ ಕ್ಯಾಪ್ ಬೇಕು, ಹಿಂದೆ ಹಲ್ಲಿಲ್ಲದ ಎರಡೂ ಬದಿಗೆ ಕ್ರೋಮ್ ಕೋಬಾಲ್ಟ್‌ನ ತೆಗೆದು ಹಾಕುವ ಪಾರ್ಶಿಯಲ್ (ಕೆಲವೇ ಹಲ್ಲುಗಳ ಸೆಟ್ಟು) ಬೇಕು. ಬೇರೆ ಬೇರೆ ವಿಭಾಗಗಳಲ್ಲಿ ಕಲಿತವರು ಮೊದಲು ಚೆಂದದ ಕ್ಯಾಪ್ ಕೂರಿಸುತ್ತಾರೆ, ಆಮೇಲೆ ಪಾರ್ಶಿಯಲ್‌ಗೆ ಅಳತೆ ತೆಗೆಯುತ್ತಾರೆ. ಆಗ ಗೊತ್ತಾಗುತ್ತದೆ, ಆ ಕ್ಯಾಪಿನ ಮೇಲೆ ಕ್ಲಾಸ್ಪ್ (ಪಾರ್ಶಿಯಲ್ ಹಿಡಿಯುವ ಕೊಕ್ಕೆ) ನಿಲ್ಲಲು ಜಾಗವೇ ಇಲ್ಲ. ಹೊಸ ಕ್ಯಾಪನ್ನೇ ಕೊರೆಯಬೇಕು. ಕೊರೆದರೆ ಪಿಂಗಾಣಿ ತೂತಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಸರಿಯಾದ ಕ್ರಮ ತಿರುಗಾಮುರುಗಾ: ಮೊದಲು ಅಚ್ಚುಗಳನ್ನು ಸರ್ವೇಯರ್ ಎಂಬ ಅಳತೆಯ ಉಪಕರಣದ ಮೇಲಿಟ್ಟು ಪಾರ್ಶಿಯಲ್‌ನ ವಿನ್ಯಾಸ ಬರೆಯುವುದು, ಅದರಿಂದ ಕ್ಯಾಪಿನ ಆಕಾರ ಹೊರಡುವುದು. ಹಿಂದೆ ಆಸರೆಯಿಲ್ಲದ ಇಂಥ ಪಾರ್ಶಿಯಲ್‌ನಲ್ಲಿ ರೆಸ್ಟ್ ಸೀಟ್ (ಪಾರ್ಶಿಯಲ್ ಆನಿಕೊಳ್ಳುವ ಗುಳಿ) ಹಲ್ಲಿನ ಮುಂಬದಿಗೆ, ಸುಮಾರು 1.5 ಮಿಮೀ ಆಳಕ್ಕೆ; ಹಿಂಬದಿಯಲ್ಲಿ ನೆಟ್ಟಗಿನ ಗೈಡ್ ಪ್ಲೇನ್ (ಪಾರ್ಶಿಯಲ್ ಜಾರಿ ಇಳಿಯುವ ಸಮತಲ); ಕೆನ್ನೆಯ ಕಡೆ ಕ್ಲಾಸ್ಪ್ ತುದಿಗೆ 0.25 ಮಿಮೀ ಅಂಡರ್‌ಕಟ್ (ಕೊಕ್ಕೆ ಸಿಕ್ಕಿಕೊಳ್ಳುವ ಒಳಬಾಗು). ರೆಸ್ಟ್ ಸೀಟ್ ಬರುವ ಕಡೆ ಹಲ್ಲನ್ನೇ ಇನ್ನಷ್ಟು ಆಳ ಕೊರೆದಿರಬೇಕು, ಇಲ್ಲವಾದರೆ ಲ್ಯಾಬ್‌ನವರು ಎಷ್ಟೇ ಜಾಣರಾದರೂ ಅಲ್ಲಿ ದಪ್ಪ ಸಿಗುವುದಿಲ್ಲ. ಕ್ಯಾಪಿನ ಆಯಸ್ಸು ತೀರ್ಮಾನವಾಗುವುದು ಇನ್ನೊಂದು ಅಳತೆಯಿಂದ: ಅಂಚಿನ ಮೇಲೆ ಸುತ್ತಲೂ 1.5ರಿಂದ 2 ಮಿಮೀ ಗಟ್ಟಿ ಹಲ್ಲು ಉಳಿದಿದೆಯೇ? ಉಳಿದಿಲ್ಲದಿದ್ದರೆ ಆ ಹಲ್ಲನ್ನು ಪಾರ್ಶಿಯಲ್‌ನ ಕಂಬವಾಗಿ ನೆಚ್ಚುವುದೇ ತಪ್ಪು.

ಇಷ್ಟೆಲ್ಲ ಯೋಚನೆಗೆ ಹಣದ ಚೌಕಟ್ಟೂ ಇದೆ. 65 ದಾಟಿದವರ ಮೆಡಿಕೇರ್ ದಿನನಿತ್ಯದ ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಬಡವರ ಮೆಡಿಕೇಯ್ಡ್‌ನಲ್ಲಿ ವಯಸ್ಕರ ಹಲ್ಲಿನ ಚಿಕಿತ್ಸೆ ಆಯಾ ರಾಜ್ಯದ ಇಚ್ಛೆ. ಒಂದು ರಾಜ್ಯ ಕ್ಯಾಪ್‌ಗೂ ಕೊಡುತ್ತದೆ, ಇನ್ನೊಂದು ಕೀಳುವುದಕ್ಕೆ ಮಾತ್ರ. ರೆಸಿಡೆನ್ಸಿ ಕ್ಲಿನಿಕ್‌ಗಳಿಗೆ ಬರುವವರು ಹೆಚ್ಚಾಗಿ ಇವರೇ. ಆದ್ದರಿಂದ ಒಂದೇ ಬಾಯಿಗೆ ಆದರ್ಶದ ಯೋಜನೆ, ಕೈಗೆಟುಕುವ ಯೋಜನೆ ಎಂದು ಎರಡು ಬರೆಯುವುದು ರೆಸಿಡೆಂಟ್ ಕಲಿಯುವ ಮುಖ್ಯ ವಿದ್ಯೆ.

ಕೈ ಮರೆಯಬೇಕಾದ ಅಭ್ಯಾಸಗಳು

ಹಲ್ಲುಗಳ ಸಂಖ್ಯೆ ಮೊದಲ ತೊಡಕು. ನಾವು ಕಲಿತಿರುವುದು ಎಫ್‌ಡಿಐ ಪದ್ಧತಿ, ಅಮೆರಿಕದ್ದು 1ರಿಂದ 32ರ ಯೂನಿವರ್ಸಲ್. ನಮ್ಮ 36 ಅವರ 19, ನಮ್ಮ 46 ಅವರ 30. ಇವು ಅಪಾಯಕಾರಿಯಲ್ಲ, ಯಾಕೆಂದರೆ 36, 46 ಎಂಬ ಸಂಖ್ಯೆಗಳೇ ಅವರಲ್ಲಿಲ್ಲ, ಹೇಳಿದ ಕೂಡಲೇ ತಪ್ಪು ಗೊತ್ತಾಗುತ್ತದೆ. ಭಯ ಇರುವುದು ಎರಡೂ ಪದ್ಧತಿಯಲ್ಲಿ ಇರುವ ಸಂಖ್ಯೆಗಳಲ್ಲಿ. 18 ಎಂದರೆ ನಮಗೆ ಮೇಲಿನ ಬಲಗಡೆಯ ಅಕ್ಕಲ ಹಲ್ಲು, ಅವರಿಗೆ ಕೆಳಗಿನ ಎಡಗಡೆಯ ಎರಡನೇ ದವಡೆ ಹಲ್ಲು. 14 ನಮಗೆ ಬಲಗಡೆಯ ಪ್ರೀಮೋಲಾರ್, ಅವರಿಗೆ ಎಡಗಡೆಯ ಮೊದಲ ದವಡೆ ಹಲ್ಲು. ರೆಫರಲ್ ಚೀಟಿಯಲ್ಲಿ ‘18 ತೆಗೆಯಿರಿ’ ಎಂದಿದ್ದಾಗ ಕೈ ತಂತಾನೇ ಮೇಲಕ್ಕೆ ಹೋದರೆ ಗತಿಯೇನು? ಅದಕ್ಕೇ ಕೀಳುವ ಮುನ್ನ ಸಂಖ್ಯೆ, ಹೆಸರು, ಬದಿ ಮೂರನ್ನೂ ಎಕ್ಸ್‌ರೇ ಮುಂದಿಟ್ಟುಕೊಂಡು ಸಹಾಯಕಿಯ ಜೊತೆ ಗಟ್ಟಿಯಾಗಿ ಓದುವ ಟೈಮ್ ಔಟ್ ಇರುವುದು. ಹಳೆ ಅಭ್ಯಾಸದವರು ಅದನ್ನು ಶಾಸ್ತ್ರಕ್ಕೆಂದು ಮಾಡಬಾರದು.

ಅರಿವಳಿಕೆಯಲ್ಲೂ ಲೆಕ್ಕ ಬೇರೆ. ನಮ್ಮಲ್ಲಿ 30 ಮಿಲೀ ಬಾಟಲಿಯಿಂದ ಡಿಸ್ಪೋಸಬಲ್ ಸಿರಿಂಜಿಗೆ ಎಳೆಯುವ ಶೇ 2ರ ಲಿಗ್ನೊಕೇನ್, ಸಾಮಾನ್ಯವಾಗಿ 1:80,000 ಅಡ್ರಿನಲಿನ್. ಅಲ್ಲಿ 1.7 ಮಿಲೀ ಗಾಜಿನ ಕಾರ್ಟ್ರಿಜ್, 1:100,000. ಒಂದು ಕಾರ್ಟ್ರಿಜ್‌ನಲ್ಲಿ 34 ಮಿಗ್ರಾಂ ಔಷಧ, 0.017 ಮಿಗ್ರಾಂ ಅಡ್ರಿನಲಿನ್. ತೀವ್ರ ಹೃದ್ರೋಗಿಗೆ ಅಡ್ರಿನಲಿನ್ ಮಿತಿ 0.04 ಮಿಗ್ರಾಂ, ಅಂದರೆ ಎರಡು ಕಾರ್ಟ್ರಿಜ್. ದಾಖಲೆಯಲ್ಲಿ ‘ಎಲ್‌ಎ (ಸ್ಥಳೀಯ ಅರಿವಳಿಕೆ) ಕೊಟ್ಟಿದೆ’ ಎಂದರೆ ಸಾಲದು: ಔಷಧ, ಸಾಂದ್ರತೆ, ಎಷ್ಟು ಮಿಗ್ರಾಂ, ಯಾವ ಬ್ಲಾಕ್, ಆಸ್ಪಿರೇಷನ್‌ನಲ್ಲಿ (ಚುಚ್ಚಿ ಸಿರಿಂಜ್ ಹಿಂದಕ್ಕೆಳೆದಾಗ) ರಕ್ತ ಬಂತೆ ಇಲ್ಲವೆ, ಎಲ್ಲ ಬೇಕು.

ಆಂಟಿಬಯಾಟಿಕ್ ವಿಷಯದಲ್ಲಿ ಅಭ್ಯಾಸ ಬಿಡುವುದು ಇನ್ನೂ ಕಷ್ಟ. ಪ್ರತಿ ಎಕ್ಸ್‌ಟ್ರಾಕ್ಷನ್‌ಗೂ ಐದು ದಿನದ ಕೋರ್ಸ್ ಬರೆದುಕೊಡುವ ಪದ್ಧತಿ ಅಲ್ಲಿ ನಡೆಯದು. ಕೃತಕ ಹೃದಯ ಕವಾಟದಂಥ ಹೆಚ್ಚಿನ ಅಪಾಯದವರಿಗೆ ಮಾತ್ರ, ಕೆಲಸಕ್ಕೆ 30ರಿಂದ 60 ನಿಮಿಷ ಮೊದಲು, ಒಮ್ಮೆ 2 ಗ್ರಾಂ ಅಮಾಕ್ಸಿಸಿಲಿನ್. ಪೆನಿಸಿಲಿನ್ ಒಗ್ಗದವರಿಗೆ ಕ್ಲಿಂಡಮೈಸಿನ್ ಎಂದು ಬಾಯಿಪಾಠ ಮಾಡಿದವರು ಅದನ್ನು ಅಳಿಸಿಕೊಳ್ಳಬೇಕು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಅದನ್ನು ಕೈಬಿಟ್ಟಿದೆ. ಬದಲಿಗೆ ಅಜಿತ್ರೋಮೈಸಿನ್ 500 ಅಥವಾ ಡಾಕ್ಸಿಸೈಕ್ಲಿನ್ 100 ಮಿಗ್ರಾಂ. ಮಂಡಿ ಚಿಪ್ಪು ಬದಲಿಸಿಕೊಂಡವರಿಗೆ ಸಾಮಾನ್ಯವಾಗಿ ಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಲ್ಲಿ ಐಎನ್‌ಆರ್ (ಹೆಪ್ಪುಗಟ್ಟುವಿಕೆಯ ಅಳತೆ) 3.5ರೊಳಗಿದ್ದರೆ ಮಾತ್ರೆ ನಿಲ್ಲಿಸದೆಯೇ ಒಂದೆರಡು ಹಲ್ಲು ಕೀಳುತ್ತಾರೆ, ಗುಳಿಗೆ ಜೆಲಟಿನ್ ಸ್ಪಂಜು ತುಂಬಿ ಹೊಲಿಗೆ ಹಾಕುತ್ತಾರೆ. ರಕ್ತಸ್ರಾವವನ್ನು ಬಾಯಿಯಲ್ಲಿ ಒತ್ತಿ ನಿಲ್ಲಿಸಬಹುದು, ಮಾತ್ರೆ ಬಿಟ್ಟು ಬಂದ ಪಾರ್ಶ್ವವಾಯುವನ್ನು ನಿಲ್ಲಿಸಲಾಗದು.

ಡ್ರಿಲ್ ಕೂಡ ಬೇರೆ. ಇಲ್ಲಿನ ಗಾಳಿಯಿಂದ ತಿರುಗುವ ಏರೋಟರ್ ಒತ್ತಿದರೆ ವೇಗ ಇಳಿದು ಎಚ್ಚರಿಸುತ್ತದೆ. ಅಲ್ಲಿನ ಹಲವು ಶಾಲೆಗಳಲ್ಲಿರುವ ಎಲೆಕ್ಟ್ರಿಕ್ ಹ್ಯಾಂಡ್‌ಪೀಸ್ ನಿಮಿಷಕ್ಕೆ 2 ಲಕ್ಷ ಸುತ್ತಿನಲ್ಲಿ ಒತ್ತಿದರೂ ನಿಲ್ಲದೆ ಕೊರೆಯುತ್ತಲೇ ಹೋಗುತ್ತದೆ, ತೂಕವೂ ಹೆಚ್ಚು. ಬೇರಿಂಗ್ ಸವೆದಿದ್ದರೆ ಅದರ ತಲೆ ಕಾದು, ಅರಿವಳಿಕೆಯಲ್ಲಿರುವ ರೋಗಿಗೆ ತಿಳಿಯದಂತೆ ಕೆನ್ನೆ ಸುಡುತ್ತದೆ. ಈ ಬಗ್ಗೆ ಅಮೆರಿಕದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಎಚ್ಚರಿಕೆ ಕೊಟ್ಟಿತ್ತು.

ಪ್ರವೇಶಕ್ಕೆ ಬೆಂಚ್ ಟೆಸ್ಟ್ (ಕೈಕೆಲಸದ ಪರೀಕ್ಷೆ) ಇರುವ ಶಾಲೆಗಳಿಗೆ ಹೋಗುವವರು ಪ್ಲಾಸ್ಟಿಕ್ ಹಲ್ಲಿನ ಮೇಲೆ ಅಭ್ಯಾಸ ಮಾಡಲೇಬೇಕು. ಅಸಲಿ ಎನಾಮೆಲ್‌ನ ಗಟ್ಟಿತನ ಅದಕ್ಕಿಲ್ಲ. ಕೈ ಭಾರವಾದರೆ 1.5 ಮಿಮೀ ಇಳಿಸಬೇಕಾದ ಕಡೆ 2.5 ಇಳಿದಿರುತ್ತದೆ, ಪಕ್ಕದ ಹಲ್ಲಿಗೆ ಗೀರು ಬಿದ್ದಿರುತ್ತದೆ. ಆ ಒಂದು ಗೀರಿಗೆ ಹೊರಗೆ ಕಳಿಸುವ ಪರೀಕ್ಷಕರಿದ್ದಾರೆ. ಕೊರೆಯುವ ಮೊದಲು ಪುಟ್ಟಿಯ ಅಚ್ಚು ತೆಗೆದು ಸೀಳಿಟ್ಟುಕೊಳ್ಳಿ, ಎಷ್ಟು ಇಳಿದಿದೆಯೆಂದು ಅದರಲ್ಲಿ ಅಳೆಯಬಹುದು, ಕಣ್ಣಂದಾಜನ್ನು ನಂಬಬೇಡಿ. ಕೊನೆಗೆ ಲೈಸೆನ್ಸ್‌ಗಾಗಿ ಬರುವ ಅಡೆಕ್ಸ್ ಎಂಬ ಕ್ಲಿನಿಕಲ್ ಪರೀಕ್ಷೆಯೂ ಗೊಂಬೆಯ ಮೇಲೇ: 8ನೇ ಹಲ್ಲಿನ ರೂಟ್ ಕೆನಾಲ್, 14ರಲ್ಲಿ ಆಕ್ಸೆಸ್ ಓಪನಿಂಗ್ (ಒಳಗಿನ ನರದವರೆಗೆ ದಾರಿ ಕೊರೆಯುವುದು), 9ಕ್ಕೆ ಸೆರಾಮಿಕ್ ಕ್ಯಾಪಿನ ತಯಾರಿ, 3 ಮತ್ತು 5 ಬ್ರಿಜ್‌ನ ಕಂಬಗಳು. ಬ್ರಿಜ್‌ನಲ್ಲಿ ಸೋಲುವುದು ಹೆಚ್ಚಾಗಿ ದಾರಿ ಕೂಡದೆ: ಎರಡು ಹಲ್ಲನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ಕೊರೆದಿರುತ್ತಾರೆ, ಒಂದೇ ಬ್ರಿಜ್ ಎರಡರ ಮೇಲೂ ಒಟ್ಟಿಗೆ ಇಳಿಯುವುದಿಲ್ಲ.

ಕಾರ್ಯಕ್ರಮ ಆರಿಸುವಾಗ

ಎಲ್ಲ ರೆಸಿಡೆನ್ಸಿಯೂ ಒಂದೇ ಮಟ್ಟದ್ದಲ್ಲ. ಕೆಲವು ಸಮುದಾಯ ಕೇಂದ್ರಗಳಲ್ಲಿ ರೆಸಿಡೆಂಟ್ ಎಂದರೆ ಅಗ್ಗಕ್ಕೆ ಸಿಕ್ಕ ಡಾಕ್ಟರು; ದಿನವಿಡೀ ಫಿಲ್ಲಿಂಗ್, ಕೀಳುವುದು, ತುರ್ತು ನೋವು, ವರ್ಷ ಮುಗಿದರೂ ಒಂದು ಇಂಪ್ಲಾಂಟ್ ಕೂರಿಸಿರುವುದಿಲ್ಲ. ಅದೇ ಹೊತ್ತಿಗೆ ಅಂಥ ಕೇಂದ್ರಗಳಲ್ಲೇ ಔಷಧಗಳ ಚೀಲ ಹೊತ್ತು ಬರುವ ವಯಸ್ಸಾದವರು ಹೆಚ್ಚು, ಅಲ್ಲಿ ಕಲಿತದ್ದು ಜೀವಮಾನಕ್ಕೆ ಬರುತ್ತದೆ. ಸಂದರ್ಶನದಲ್ಲಿ ನಿರ್ದೇಶಕರನ್ನಲ್ಲ, ಈಗಿರುವ ರೆಸಿಡೆಂಟ್‌ಗಳನ್ನು ಕೇಳಿ: ಕಳೆದ ತಿಂಗಳು ಎಷ್ಟು ದವಡೆ ಹಲ್ಲಿನ ರೂಟ್ ಕೆನಾಲ್, ಎಷ್ಟು ಪಾರ್ಶಿಯಲ್ ಮುಗಿಸಿದಿರಿ? ನಿಮ್ಮ ಕುರ್ಚಿಯ ಪಕ್ಕಕ್ಕೆ ಪ್ರಾಧ್ಯಾಪಕರು ಬರುತ್ತಾರೋ, ಕಂಪ್ಯೂಟರಿನಲ್ಲಿ ಸಹಿ ಹಾಕಿ ಮುಗಿಸುತ್ತಾರೋ? ಸಹಾಯಕಿ ಇದ್ದಾರೋ ಅಥವಾ ಸಕ್ಷನ್ ನೀವೇ ಹಿಡಿಯಬೇಕೋ? ಕಳೆದ ಮೂರು ವರ್ಷದಲ್ಲಿ ಎಷ್ಟು ವಿದೇಶಿ ಪದವೀಧರರನ್ನು ತೆಗೆದುಕೊಂಡಿದ್ದೀರಿ, ಅವರು ಈಗ ಯಾವ ರಾಜ್ಯದಲ್ಲಿ, ಯಾವ ಲೈಸೆನ್ಸ್ ಮೇಲೆ ಇದ್ದಾರೆ? ಈ ಕೊನೆಯದಕ್ಕೆ ನೇರ ಉತ್ತರ ಬರದಿದ್ದರೆ ಆ ಕಾರ್ಯಕ್ರಮವನ್ನು ಪಟ್ಟಿಯ ತಳಕ್ಕೆ ಇಳಿಸಿ.

ವಾಪಸು ಬರುವ ಯೋಚನೆ ಇರುವವರಿಗೆ ಒಂದು ಮಾತು. ಎಇಜಿಡಿ, ಜಿಪಿಆರ್ ಎರಡೂ ಪ್ರಮಾಣಪತ್ರಗಳು, ಪದವಿಯಲ್ಲ, ನಮ್ಮ ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ಗೆ ಸಮವಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸ್ವಂತ ಕ್ಲಿನಿಕ್ ತೆರೆಯುವವರಿಗೆ ಅದರಿಂದ ತೊಂದರೆಯಿಲ್ಲ, ಬಿಡಿಎಸ್ ನೋಂದಣಿ ಇದ್ದೇ ಇದೆ. ಕಾಲೇಜಿನಲ್ಲಿ ಪಾಠ ಮಾಡುವ ಹುದ್ದೆಯ ಮೇಲೆ ಕಣ್ಣಿದ್ದರೆ ಆ ವರ್ಷವನ್ನು ಎಂಡಿಎಸ್‌ಗೇ ಕೊಡುವುದು ಮೇಲು.